ಪರ್ಲ್ ಭಾಷೆಯಲ್ಲಿ ಉಲ್ಲೇಖಗಳು: ಮೂರು ತಾಲ್ಲೂಕುಗಳ ಗ್ರಾಮಪಟ್ಟಿಯ ನಿದರ್ಶನ

2018ರಲ್ಲಿ ಕಡಬ ತಾಲ್ಲೂಕು ರಚಿತವಾದಾಗ ಪುತ್ತೂರಿಗೆ ಸೇರಿದ್ದ ರಾಮಕುಂಜ, ಸುಳ್ಯಕ್ಕೆ ಸೇರಿದ್ದ ಸುಬ್ರಹ್ಮಣ್ಯ ಮೊದಲಾದ ಗ್ರಾಮಗಳು ಅದರ ವ್ಯಾಪ್ತಿಗೆ ಬಂದುವು. ಆದುದರಿಂದ 2011ರ ಜನಗಣತಿಯನ್ನು ಇಂದಿನ ದಾಖಲೆಗಳೊಡನೆ ಹೋಲಿಸುವವರು ಒಂದೇ ಗ್ರಾಮವನ್ನು ಎರಡು ತಾಲ್ಲೂಕುಗಳ ಅಡಿಯಲ್ಲಿ ಕಾಣಬೇಕಾಗುತ್ತದೆ. ಇಂತಹ ಪಟ್ಟಿಯನ್ನು ಪರ್ಲ್ ಎಂಬ ಗಣಕಭಾಷೆಯಲ್ಲಿ ಅಳವಡಿಸುವ ಕ್ರಮವನ್ನು ಇಲ್ಲಿ ವಿವೇಚಿಸುತ್ತೇವೆ.

ಲ್ಯಾರಿ ವಾಲ್ ಅವರು 1987ರಲ್ಲಿ ಹೊರತಂದ ಈ ಭಾಷೆಯಲ್ಲಿ ಪಟ್ಟಿಯೊಂದರೊಳಗೆ ಬಿಡಿ ಮೌಲ್ಯಗಳಿಗೆ ಮಾತ್ರ ಸ್ಥಳವುಂಟು. ಪುತ್ತೂರಿನ ಪಟ್ಟಿಯನ್ನೂ ಸುಳ್ಯದ ಪಟ್ಟಿಯನ್ನೂ ಮೂರನೆಯದೊಂದರಲ್ಲಿ ಇರಿಸಿದರೆ ಅವು ಕರಗಿ ಒಂದಾಗುತ್ತವೆ. ಗಡಿಯ ಗುರುತೇ ಉಳಿಯದು. 1994ರ ಐದನೆಯ ಆವೃತ್ತಿಯು ಇದಕ್ಕೆ ಉಪಾಯವನ್ನು ಒದಗಿಸಿತು. ಅದೇ ರೆಫರೆನ್ಸ್, ಎಂದರೆ ಉಲ್ಲೇಖ. ಇದು ಪಟ್ಟಿಯಲ್ಲ, ಪಟ್ಟಿ ಇರುವ ಠಾವಿನ ವಿಳಾಸ; ವಿಳಾಸವು ಬಿಡಿ ಮೌಲ್ಯವಾದುದರಿಂದ ಎಲ್ಲಿ ಬೇಕಾದರೂ ಇರಬಲ್ಲುದು. ತಾಲ್ಲೂಕಿನ ಹೆಸರಿಗೆ ಎದುರಾಗಿ ಅದರ ಗ್ರಾಮಪಟ್ಟಿಯ ಉಲ್ಲೇಖವನ್ನಿಟ್ಟರೆ ಒಂದರೊಳಗೊಂದು ಅಡಕವಾದ ರಚನೆ ಸಿದ್ಧವಾಗುತ್ತದೆ.

ವಿದ್ಯಾರ್ಥಿಗಳು ಎಡವುವುದು ಮುಂದಿನ ಹೆಜ್ಜೆಯಲ್ಲಿ, ನಾವೂ ಎಡವಿದ್ದುಂಟು. ಆವರ್ತನೆಯ ಹೊರಗೆ ಒಂದು ಪಟ್ಟಿಯನ್ನು ಘೋಷಿಸಿ, ಪುತ್ತೂರು, ಸುಳ್ಯ, ಕಡಬಗಳ ಗ್ರಾಮಗಳನ್ನು ಸರದಿಯಂತೆ ಅದರಲ್ಲೇ ತುಂಬಿ, ಪ್ರತಿಸಲವೂ ಅದರ ಉಲ್ಲೇಖವನ್ನು ದಾಖಲಿಸಿದೆವೆನ್ನೋಣ. ಕೊನೆಗೆ ಮೂರು ತಾಲ್ಲೂಕುಗಳಲ್ಲೂ ಕಡಬದ ಗ್ರಾಮಗಳೇ ಕಾಣುತ್ತವೆ. ವಿಳಾಸಗಳು ಮೂರಾದರೂ ಮನೆ ಒಂದೇ! ಯಂತ್ರವು ಯಾವ ದೋಷವನ್ನೂ ಸೂಚಿಸುವುದಿಲ್ಲ. ಸಂಶೋಧಕನ ಎಣಿಕೆ ಮಾತ್ರ ಕೆಡುತ್ತದೆ. ಪಟ್ಟಿಯನ್ನು ಆವರ್ತನೆಯ ಒಳಗೆ ಘೋಷಿಸಿದರೆ, ಅಥವಾ ಚೌಕಾವರಣದಲ್ಲಿ ಅದರ ಪ್ರತಿಯನ್ನು ರಚಿಸಿದರೆ, ಪ್ರತಿ ಸುತ್ತಿನಲ್ಲೂ ಹೊಸ ಮನೆ ಏಳುತ್ತದೆ.

ಇದೇ ಗುಣವು ಉಪಕಾರಕವೂ ಹೌದು. ಸುಬ್ರಹ್ಮಣ್ಯದ ವಿವರಗಳನ್ನು ಒಂದೆಡೆ ಬರೆದು, 2011ರ ಸುಳ್ಯದ ಪಟ್ಟಿಯಿಂದಲೂ ಇಂದಿನ ಕಡಬದ ಪಟ್ಟಿಯಿಂದಲೂ ಅದನ್ನು ಉಲ್ಲೇಖಿಸಿದರೆ, ಒಮ್ಮೆ ಮಾಡಿದ ತಿದ್ದುಪಡಿ ಎರಡೆಡೆಯಲ್ಲೂ ತೋರುತ್ತದೆ. ಆದರೆ ಆ ವಿವರಗಳಲ್ಲಿ ತಾಲ್ಲೂಕಿನ ಹೆಸರನ್ನು ಬರೆಯಕೂಡದು. ಬರೆದರೆ ಹಳೆಯ ಪಟ್ಟಿಯಲ್ಲೂ ಕಡಬವೇ ಮೂಡೀತು. ಹೊರಗಿನ ಪಟ್ಟಿಯನ್ನು ನಕಲು ಮಾಡಿಯೂ ಫಲವಿಲ್ಲ, ನಕಲಾಗುವುದು ವಿಳಾಸಗಳಷ್ಟೆ. ಆಮೂಲಾಗ್ರವಾದ ಪ್ರತಿ ಬೇಕಾದರೆ ಸ್ಟೋರಬಲ್ ಎಂಬ ಘಟಕದ ಡಿಕ್ಲೋನ್ ಕ್ರಿಯೆಯನ್ನು ಬಳಸಬೇಕು.

ಇನ್ನೊಂದು ವಿಚಿತ್ರವುಂಟು. ‘ಕಡಬಾ’ ಎಂದು ತಪ್ಪಾಗಿ ಬರೆದು ಅದರ ಮೊದಲ ಗ್ರಾಮ ಯಾವುದೆಂದು ಕೇಳಿದರೆ, ಪರ್ಲ್ ಆ ಹೆಸರಿನ ಬರಿದಾದ ತಾಲ್ಲೂಕೊಂದನ್ನು ತಾನೇ ಸೃಷ್ಟಿಸಿಬಿಡುತ್ತದೆ. ಸರ್ಕಾರದ ಅಧಿಸೂಚನೆಯ ಗೊಡವೆ ಅದಕ್ಕಿಲ್ಲ. ತಾಲ್ಲೂಕುಗಳ ಸಂಖ್ಯೆ ಮೂರರ ಬದಲು ನಾಲ್ಕೆಂದು ಬಂದಾಗ ಮೊದಲು ಇದನ್ನೇ ಶಂಕಿಸಬೇಕು. ಗ್ರಾಮವನ್ನು ಕೇಳುವ ಮುನ್ನ ತಾಲ್ಲೂಕಿನ ಹೆಸರು ಪಟ್ಟಿಯಲ್ಲಿದೆಯೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸುವುದೇ ಇದಕ್ಕೆ ಪರಿಹಾರ.