ಏಳಲೊಲ್ಲದ ಲ್ಯಾಪ್‌ಟಾಪ್

ನಮ್ಮ ವಾಚನಾಲಯದ ಮೂಲೆಯ ಮೇಜಿನ ಮೇಲೆ ಒಂದು ಹಳೆಯ ಲ್ಯಾಪ್‌ಟಾಪ್ ಇರುವುದನ್ನು ವಾಚಕ ಬಂಧುಗಳೆಲ್ಲರೂ ಬಲ್ಲರು. ದೈನಿಕ ಓದಲು ಬಂದವರು ಅದರ ಕಡೆಗೆ ಹೆಚ್ಚು ನೋಡುವುದಿಲ್ಲ. ಅರ್ಜಿ ತುಂಬಲು ಬಂದವರು ಮಾತ್ರ ಅದರ ಮುಂದೆ ಸರದಿ ಹಿಡಿದು ಕೂಡುತ್ತಾರೆ. ಹೋದ ಮಳೆಗಾಲದ ಒಂದು ರವಿವಾರ ಬೆಳಿಗ್ಗೆ ನಾವು ಗುಂಡಿ ಒತ್ತಿದರೆ ಅದು ಏಳಲಿಲ್ಲ. ದೀಪ ಹತ್ತಿತು, ಒಳಗಿನ ಪಂಖಾ ಒಂದು ಸುತ್ತು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು.

ಯಂತ್ರದ ಚಿಂತೆ ನಮಗೆ ಅಷ್ಟಿರಲಿಲ್ಲ. ಅದರ ಹೊಟ್ಟೆಯಲ್ಲಿ ಕಟ್ಟಡ ಕೆಲಸದ ಹನ್ನೊಂದು ಮಂದಿಯ ಕಾಗದಗಳಿದ್ದವು. ಹಿಂದಿನ 12 ತಿಂಗಳುಗಳಲ್ಲಿ 90 ದಿನಕ್ಕೆ ಕಡಿಮೆಯಿಲ್ಲದಂತೆ ಕೆಲಸ ಮಾಡಿದವರಿಗಷ್ಟೇ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ದೊರೆಯುತ್ತದೆ. ಆ ದಿನಗಳ ದಾಖಲೆಗಳನ್ನು ಅಲ್ಲಿ ಇಲ್ಲಿ ಅಲೆದು ಸಹಿ ಮಾಡಿಸಿ, ಸ್ಕ್ಯಾನ್ ಮಾಡಿ ಇಟ್ಟಿದ್ದೆವು. ಸಹಿ ಹಾಕಿದ ಮುಕಾದಮರಲ್ಲಿ ಇಬ್ಬರು ಆಗಲೇ ಬೇರೆ ಊರಿನ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಯಾದಗಿರಿ ಕಡೆಯ ಒಬ್ಬ ಹಿರಿಯ ಗೌಂಡಿ ಬಾಗಿಲಲ್ಲೇ ನಿಂತು ಕೇಳಿದರು: “ಸಾಹೇಬ್ರ, ನಮ್ಮ ಕಾಗದ ಒಳಗ ಅದಾವೋ, ಹೋದುವೋ?” ನಮ್ಮ ಬಳಿ ಉತ್ತರವಿರಲಿಲ್ಲ.

ಒಂದು ದುರಸ್ತಿ ಅಂಗಡಿಗೆ ಒಯ್ದೆವು. ಅಲ್ಲಿಯವರು ಮುಚ್ಚಳ ಕೂಡ ಬಿಚ್ಚದೆ, “ಮದರ್‌ಬೋರ್ಡ್ ಹೋಗಿದೆ, ಐದು ಸಾವಿರ ಆಗುತ್ತದೆ” ಎಂದರು. ಚಂದಾ ಇಲ್ಲದ ವಾಚನಾಲಯಕ್ಕೆ ಐದು ಸಾವಿರ ಎಲ್ಲಿಂದ ಬರಬೇಕು? ಬಗಲಲ್ಲಿ ಇಟ್ಟುಕೊಂಡು ಹಿಂದಿರುಗಿದೆವು. ನಾವು ಮೆಟ್ರಿಕ್ ಪಾಸಾದ ಮಿಲ್ಲಿನ ಕಾರಕೂನರು, ಇಂಜಿನಿಯರರಲ್ಲ. ಆದರೂ ಬಲ್ಲವರನ್ನು ಕೇಳಿ, ಕೈಯಾರೆ ಮಾಡಿ, ಒಂದೆರಡು ತಪ್ಪನ್ನೂ ಮಾಡಿ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಹೊಲಕ್ಕೆ ನೀರು ಬಾರದಿದ್ದರೆ ರೈತನು ಬಾವಿಯಿಂದ ಹಿಡಿದು ಕಾಲುವೆಯುದ್ದಕ್ಕೂ ನಡೆದು ಎಲ್ಲಿ ಒಡೆದಿದೆ ಎಂದು ನೋಡುತ್ತಾನಲ್ಲವೆ? ಇಲ್ಲಿಯೂ ಹಾಗೆಯೇ. ವಿದ್ಯುತ್ತು ಗೋಡೆಯಿಂದ ಅಡಾಪ್ಟರಿಗೆ, ಅಲ್ಲಿಂದ ಒಳಗಿನ ಹಲಗೆಗೆ ಬರುತ್ತದೆ. ಹಲಗೆಯ ಮೇಲಿನ ಒಂದು ಚಿಪ್ಪಿನಲ್ಲಿ ಸಣ್ಣದೊಂದು ಕಾರ್ಯಕ್ರಮ ಸದಾ ಬರೆದಿಟ್ಟಿರುತ್ತದೆ. ಅದು ಮೊದಲು ಎಚ್ಚೆತ್ತು ರ‍್ಯಾಮ್ ಇದೆಯೋ, ಪರದೆ ಇದೆಯೋ, ಡಿಸ್ಕ್ ಇದೆಯೋ ಎಂದು ಹಾಜರಿ ಕರೆಯುತ್ತದೆ. ಎಲ್ಲರೂ ‘ಹಾಜರ್’ ಎಂದ ಮೇಲೆ ಡಿಸ್ಕಿನಿಂದ ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸುತ್ತದೆ. ಇದಕ್ಕೆ ‘ಬೂಟ್’ ಎಂಬ ಹೆಸರು ಬಂದದ್ದು ಕಾಲಿನ ಬೂಟಿನಿಂದಲೇ: ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದು ಎಂಬ ಇಂಗ್ಲಿಷಿನ ಹಾಸ್ಯದ ಮಾತು ಅದಕ್ಕೆ ಮೂಲ. ಆದಕಾರಣ ಯಂತ್ರ ಎಲ್ಲಿಯವರೆಗೆ ಎದ್ದಿತು, ಎಲ್ಲಿ ಕುಳಿತುಬಿಟ್ಟಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ದೀಪವೇ ಹತ್ತದಿದ್ದರೆ ಗೋಡೆಯಿಂದ ಸುರುಮಾಡಬೇಕು. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿರಿ. ನಗಬೇಡಿರಿ, ಒಮ್ಮೆ ನಮ್ಮಲ್ಲಿಯೂ ಸ್ವಿಚ್ಚೇ ಹೋಗಿತ್ತು. ಬಳಿಕ ಅಡಾಪ್ಟರು. ಅದರ ಬೆನ್ನಿನ ಚೀಟಿಯಲ್ಲಿ ‘ಔಟ್‌ಪುಟ್’ ಎಂಬಲ್ಲಿ 19 ವೋಲ್ಟ್, 3.42 ಆಂಪಿಯರ್ ಎಂಬಂತೆ ಬರೆದಿರುತ್ತದೆ. ಎರಡನ್ನೂ ಗುಣಿಸಿದರೆ ಸುಮಾರು 65 ವ್ಯಾಟ್. ಬೇರೆ ಅಡಾಪ್ಟರಿನಿಂದ ಪರೀಕ್ಷಿಸುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು, ಪಿನ್ನು ಸಡಿಲಾಗದೆ ಕೂಡಬೇಕು. ಕೇವಲ ಪಿನ್ನು ಹಿಡಿಸಿತೆಂದು ಯಾವುದನ್ನೋ ಚುಚ್ಚುವುದು ಅಪಾಯ. ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಕೊಳ್ಳಲು ಹೋಗುವವರು ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಅಡಾಪ್ಟರನ್ನು ಮಾತ್ರ ಎಂದಿಗೂ ಒಡೆದು ನೋಡಬೇಡಿರಿ. ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಉಳಿದಿರಬಹುದು.

ಅಡಾಪ್ಟರ್ ಸರಿಯಿದ್ದರೂ ಏಳದಿದ್ದರೆ ಒಂದು ಸುಲಭದ ಉಪಾಯವುಂಟು. ಅಡಾಪ್ಟರ್ ಕೀಳಿರಿ, ಕೆಳಗಿನ ಕೊಂಡಿಗಳನ್ನು ಸರಿಸಿ ಬ್ಯಾಟರಿಯನ್ನೂ ತೆಗೆಯಿರಿ, ಆಮೇಲೆ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ವಿದ್ಯುತ್ ಹಂಚುವ ಚಿಪ್ಪು ಕೆಲವೊಮ್ಮೆ ಗೊಂದಲದಲ್ಲಿ ಸಿಕ್ಕಿಬಿದ್ದಿರುತ್ತದೆ. ಒಳಗುಳಿದ ಅಲ್ಪಸ್ವಲ್ಪ ಚಾರ್ಜು ಇಳಿದುಹೋದರೆ ಅದು ಮೊದಲಿನಿಂದ ಲೆಕ್ಕ ಸುರುಮಾಡುತ್ತದೆ. ಈಗ ಬ್ಯಾಟರಿ ಇಲ್ಲದೆ ಅಡಾಪ್ಟರಿನ ಮೇಲೆ ಎಬ್ಬಿಸಿ ನೋಡಿರಿ. ಎದ್ದರೆ ದೋಷ ಬಹುಶಃ ಬ್ಯಾಟರಿಯದು. ಹೊರತೆಗೆದಾಗ ಅದು ಉಬ್ಬಿಕೊಂಡಿದ್ದರೆ ಮತ್ತೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಆರಿಸುವುದು ಕಷ್ಟ. ಖೋಲಿಯಲ್ಲಿ ಎಂಟು ಮಂದಿ ಮಲಗುವ ನಮ್ಮಂಥವರು ಇದನ್ನು ಹಗುರಾಗಿ ಎಣಿಸಬಾರದು.

ನಮ್ಮ ಯಂತ್ರದ ರೋಗ ಬೇರೆ ಬಗೆಯದು. ದೀಪವಿದೆ, ಪಂಖಾ ಇದೆ, ಪರದೆ ಮಾತ್ರ ಕಪ್ಪು. ಮೊದಲು ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದೆವು. ಮಸುಕಾಗಿ ಚಿತ್ರ ಕಂಡಿದ್ದರೆ ಪರದೆಯ ಹಿಂದಿನ ಬೆಳಕು ಹೋಗಿದೆ ಎಂದು ತಿಳಿಯುತ್ತಿತ್ತು. ಕಾಣಲಿಲ್ಲ. ವಾಚನಾಲಯದ ಟೀವಿಗೆ ತಂತಿ ಜೋಡಿಸಿದೆವು. ಅಲ್ಲಿಯೂ ಏನೂ ಬರಲಿಲ್ಲ. ಅಂದರೆ ದೋಷ ಪರದೆಯದಲ್ಲ, ಹಾಜರಿಯೇ ಮುಗಿದಿಲ್ಲ. ಹೀಗಾದಾಗ ಕೆಲವು ಯಂತ್ರಗಳು ‘ಬೀಪ್ ಬೀಪ್’ ಎಂದು ಕೂಗಿ ಹೇಳುತ್ತವೆ, ಎಷ್ಟು ಕೂಗಿಗೆ ಏನರ್ಥ ಎಂಬುದು ಕಂಪನಿಗೊಂದು ಬಗೆ. ನಮ್ಮದು ಮೂಕವಾಗಿತ್ತು.

ಇಂಥಲ್ಲಿ ಮೊದಲು ಸಂಶಯಪಡಬೇಕಾದದ್ದು ರ‍್ಯಾಮ್. ಬೆರಳಗಲದ ಉದ್ದನೆಯ ಹಸಿರು ಪಟ್ಟಿ ಅದು, ಒಂದು ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು. ಪುಣೆಯ ಮಳೆಗಾಲದ ತೇವ, ನಮ್ಮ ಓಣಿಯ ಧೂಳು ಎರಡೂ ಸೇರಿ ಆ ಹಲ್ಲುಗಳ ಮೇಲೆ ತೆಳ್ಳನೆಯ ಮಾಸು ಕೂತರೆ ಸಂಪರ್ಕ ತಪ್ಪುತ್ತದೆ. ಅಡಾಪ್ಟರ್, ಬ್ಯಾಟರಿ ಎರಡನ್ನೂ ತೆಗೆದು, ಕೆಳಗಿನ ಸಣ್ಣ ಮುಚ್ಚಳದ ಸ್ಕ್ರೂ ಬಿಚ್ಚಿದೆವು. ಮೈಯ ವಿದ್ಯುತ್ತು ಚಿಪ್ಪಿಗೆ ತಾಗದಿರಲೆಂದು ಮೊದಲು ಕಬ್ಬಿಣದ ನಲ್ಲಿ ಮುಟ್ಟಿ ಕೈ ಒರೆಸಿಕೊಂಡೆವು. ಎರಡೂ ಬದಿಯ ಕ್ಲಿಪ್ಪನ್ನು ಹೊರಕ್ಕೆ ಸರಿಸಿದರೆ ಪಟ್ಟಿ ತಾನೇ ಓರೆಯಾಗಿ ಮೇಲೇಳುತ್ತದೆ. ಮಕ್ಕಳ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಒರೆಸಿದೆವು. ಗಟ್ಟಿಯಾಗಿ ತಿಕ್ಕಿದರೆ ಲೇಪ ಹೋಗುತ್ತದೆ. ರಬ್ಬರಿನ ಪುಡಿಯನ್ನು ಮೆತ್ತನೆಯ ಕುಂಚದಿಂದ ಉದುರಿಸಿ, ಎರಡು ಪಟ್ಟಿಗಳಲ್ಲಿ ಒಂದನ್ನಷ್ಟೇ ಹಾಕಿ ಗುಂಡಿ ಒತ್ತಿದೆವು.

ಏಳಲಿಲ್ಲ. ಅದನ್ನು ತೆಗೆದು ಇನ್ನೊಂದನ್ನು ಹಾಕಿದೆವು. ಪರದೆಯ ಮೇಲೆ ಕಂಪನಿಯ ಗುರುತು ಮೂಡಿತು! ಒಂದೊಂದನ್ನೇ ಬೇರೆ ಮಾಡಿ ಪರೀಕ್ಷಿಸದೆ ಎರಡನ್ನೂ ಒಟ್ಟಿಗೆ ತಿರುಗಿ ಹಾಕಿದ್ದರೆ ಐದು ಸಾವಿರದ ಮಾತನ್ನೇ ನಂಬಿಬಿಡುತ್ತಿದ್ದೆವು.

ಎದ್ದಿತೆಂದು ಹಿಗ್ಗುವಷ್ಟರಲ್ಲಿ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಗಡಿಯಾರಕ್ಕೆಂದು ಒಳಗೆ ನಾಣ್ಯದಂಥ 3 ವೋಲ್ಟಿನ ಒಂದು ಸೆಲ್ಲು ಇರುತ್ತದೆ, ಅದು ಸತ್ತಿತ್ತು. ದಿನಾಂಕ ತಪ್ಪಿದ್ದರೆ ಬ್ಯಾಂಕಿನ, ಸರಕಾರದ ತಾಣಗಳು ‘ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕುತ್ತವೆ. ಇಂಟರ್ನೆಟ್ ಕೆಟ್ಟಿದೆ ಎಂದು ಎಷ್ಟೋ ಮಂದಿ ಇದಕ್ಕೇ ಹಣ ತೆತ್ತಿದ್ದಾರೆ.

ಕಂಪನಿಯ ಗುರುತು ಬಂದ ಮೇಲೆ ನಿಂತುಬಿಡುವ ಯಂತ್ರಗಳದ್ದು ಮೂರನೆಯ ಬಗೆ; ಅಲ್ಲಿ ದೋಷ ಹೆಚ್ಚಾಗಿ ಡಿಸ್ಕಿನದು ಅಥವಾ ವಿಂಡೋಸಿನದು. ಡಿಸ್ಕು ‘ಟಕ್ ಟಕ್’ ಎನ್ನುತ್ತಿದ್ದರೆ ಮತ್ತೆ ಮತ್ತೆ ಗುಂಡಿ ಒತ್ತಬೇಡಿರಿ. ಪ್ರತಿ ಸಲವೂ ಒಳಗಿನ ಬರಹಕ್ಕೆ ಗಾಯವಾಗುತ್ತದೆ. ಒಂದು ಮಾತು ನೆನಪಿಡಿರಿ: ಮದರ್‌ಬೋರ್ಡ್ ನಿಜವಾಗಿ ಸತ್ತರೂ ಕಾಗದಗಳು ಇರುವುದು ಡಿಸ್ಕಿನಲ್ಲಿ. ಹಳೆಯ ಯಂತ್ರದ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ತಂತಿಯಿಂದ ಬೇರೊಂದು ಯಂತ್ರಕ್ಕೆ ಜೋಡಿಸಿದರೆ ಸಾಮಾನ್ಯವಾಗಿ ಎಲ್ಲವೂ ಸಿಗುತ್ತವೆ. ದುರಸ್ತಿಗೆ ಕೊಡುವಾಗ “ನಮ್ಮನ್ನು ಕೇಳದೆ ಡಿಸ್ಕ್ ಅಳಿಸಬಾರದು” ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿರಿ.

ಅಂದು ಸಂಜೆ ನಾವು ಮಾಡಿದ ಮೊದಲ ಕೆಲಸ ಹನ್ನೊಂದೂ ಮಂದಿಯ ಕಾಗದಗಳನ್ನು ಎರಡು ಪೆನ್‌ಡ್ರೈವುಗಳಿಗೆ ಇಳಿಸಿದ್ದು. ಒಂದೇ ಕಡೆ ಇಟ್ಟದ್ದು ನಮ್ಮದೇ ತಪ್ಪು. ಮಿಲ್ಲಿನಲ್ಲಿ ಪ್ರತಿಯೊಂದು ಚಲನ್ನಿಗೂ ನಕಲು ಇಡುವ ನಾವು ಇಲ್ಲಿ ಇಟ್ಟಿರಲಿಲ್ಲ. ಗೌಂಡಿಯವರು ಕೆಲಸ ಬಿಟ್ಟು ರಾತ್ರಿ ಎಂಟಕ್ಕೆ ಬಂದರು. ಪರದೆಯ ಮೇಲೆ ತಮ್ಮ ಹೆಸರಿನ ಹಾಳೆ ಕಂಡು, ಬೆರಳಿಟ್ಟು ದಿನಗಳನ್ನು ಎಣಿಸಿದರು. ಆಮೇಲೆ ಚಹಾ ತರಿಸಿದರು. ನಾವು ದುಡ್ಡು ಕೊಡಹೋದರೆ ಬಿಡಲಿಲ್ಲ.

ಯಂತ್ರವು ಈಗ ಒಂದೇ ಪಟ್ಟಿಯ ಮೇಲೆ ನಡೆದಿರುವುದರಿಂದ ಕೊಂಚ ನಿಧಾನ, ಸರದಿಯವರು ತಾಳ್ಮೆಯಿಂದಿರಬೇಕು. ಪೆನ್‌ಡ್ರೈವುಗಳಲ್ಲಿ ಒಂದು ಕಪಾಟಿನಲ್ಲಿದೆ, ಇನ್ನೊಂದು ನಮ್ಮ ಮನೆಯಲ್ಲಿದೆ. ತಮ್ಮ ಕಾಗದಗಳ ನಕಲು ಮೊಬೈಲಿನಲ್ಲಿಯೂ ಬೇಕೆನ್ನುವವರು ಯಾವುದಾದರೂ ರವಿವಾರ ಬಂದು ಕೇಳಬಹುದು.