ಅಪ್ಪನ ದುಡ್ಡು, ನಮ್ಮ ಮೊದಲ ಲ್ಯಾಪ್‌ಟಾಪ್

ಪಿಯುಸಿ ಫಲಿತಾಂಶ ಬಂದು ಕಾಲೇಜುಗಳಲ್ಲಿ ಪ್ರವೇಶ ಶುರುವಾಯಿತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ‘ಮಗುವಿಗೆ ಲ್ಯಾಪ್‌ಟಾಪ್ ಬೇಕಂತೆ.’ ಬಿಸಿಎಗೆ ಬೇಕು, ಬಿಕಾಂಗೆ ಬೇಕು, ಎಂಜಿನಿಯರಿಂಗ್‌ಗಂತೂ ಬೇಕೇ ಬೇಕು ಎಂದು ಗೆಳೆಯರು ಹೇಳಿರುತ್ತಾರೆ. ಯಾವುದು, ಎಷ್ಟರದು, ಯಾವಾಗ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಸಿಗುವುದು ಅಂಗಡಿಯಲ್ಲಿ. ಅಲ್ಲಿ ಉತ್ತರ ಹೇಳುವವರು ಮಾರುವವರು!

ನಮ್ಮ ಸೀಮೆಯಲ್ಲಿ ನಲವತ್ತು, ಐವತ್ತು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ತರೀಕೆರೆ ಕಡೆ ಅದು ಅಡಿಕೆಯ ದುಡ್ಡು, ಕಡೂರು ಕಡೆ ತೆಂಗಿನದು, ಅಜ್ಜಂಪುರ ಕಡೆ ಈರುಳ್ಳಿಯದು. ಈ ದುಡ್ಡಿಗೆ ಒಂದು ಕಾಲವಿದೆ. ಕಾಲೇಜು ಶುರುವಾಗುವುದು ಮುಂಗಾರಿನಲ್ಲಿ. ಆಗ ಬಿತ್ತನೆ ಬೀಜ, ಗೊಬ್ಬರ, ಕಾಲೇಜು ಶುಲ್ಕ ಎಲ್ಲವೂ ಒಟ್ಟಿಗೇ ಬಂದು ಅಪ್ಪನ ಕೈ ಖಾಲಿಯಾಗಿರುತ್ತದೆ. ಈರುಳ್ಳಿ ಮಾರುಕಟ್ಟೆಗೆ ಹೋಗುವುದು, ಅಡಿಕೆ ಕೊಯ್ಲಾಗುವುದು ಆಮೇಲೆ. ಆದ್ದರಿಂದಲೇ ಜೂನ್‌ನಲ್ಲಿ ಕೊಳ್ಳುವ ಲ್ಯಾಪ್‌ಟಾಪ್ ಬಹುತೇಕ ಕಂತಿನ ಮೇಲೆ ಮನೆಗೆ ಬರುತ್ತದೆ.

‘ಬಡ್ಡಿ ಇಲ್ಲದ ಕಂತು’ ಎಂಬ ಬೋರ್ಡ್ ನೋಡಿದಾಗ ಎರಡು ಪ್ರಶ್ನೆ ಕೇಳಿ. ಪೂರ್ತಿ ನಗದು ಕೊಟ್ಟರೆ ಎಷ್ಟು? ಸಂಸ್ಕರಣಾ ಶುಲ್ಕವೂ ಸೇರಿ ಕಂತಿನಲ್ಲಿ ಒಟ್ಟು ಎಷ್ಟು? ನಗದಿಗೆ ಸಿಗುವ ರಿಯಾಯಿತಿ ಕಂತಿಗೆ ಸಿಗದಿದ್ದರೆ ಆ ವ್ಯತ್ಯಾಸವೇ ಬಡ್ಡಿ. ಕಂತಿನ ಸಾಲ ಅಪ್ಪನ ಹೆಸರಿನಲ್ಲಿದ್ದು ಎರಡು ತಿಂಗಳು ತಪ್ಪಿದರೆ ಸಿಬಿಲ್ ಅಂಕ ಕುಸಿಯುತ್ತದೆ. ಮುಂದೆ ಶಿಕ್ಷಣ ಸಾಲಕ್ಕೆಂದು ಬ್ಯಾಂಕ್ ಮೆಟ್ಟಿಲು ಹತ್ತಿದಾಗ ಮ್ಯಾನೇಜರ್ ಮೊದಲು ನೋಡುವುದು ಅದನ್ನೇ.

ಹಾಗಾದರೆ ಏನು ಮಾಡಬೇಕು? ಸಾಧ್ಯವಿದ್ದರೆ ಮೊದಲ ಸೆಮಿಸ್ಟರ್ ಕಾಯಿರಿ. ಬಿಎ, ಬಿಕಾಂನ ಆರಂಭದ ತಿಂಗಳುಗಳಲ್ಲಿ ಸ್ವಂತ ಯಂತ್ರವಿಲ್ಲದೆ ನಿಲ್ಲುವ ಕೆಲಸ ಕಡಿಮೆ. ಬಿಸಿಎ ಪ್ರಾಯೋಗಿಕ ತರಗತಿಗಳಿಗೆ ಕಾಲೇಜಿನ ಲ್ಯಾಬ್ ಇರುತ್ತದೆ. ಹಲವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಅಂದರೆ ಈಗಿನ ಅರಿವು ಕೇಂದ್ರಗಳಲ್ಲಿ, ಕಂಪ್ಯೂಟರ್‌ಗಳಿವೆ. ಅಷ್ಟರಲ್ಲಿ ನಿಮ್ಮ ಕೋರ್ಸಿಗೆ ನಿಜಕ್ಕೂ ಏನು ಬೇಕೆಂದು ತಿಳಿಯುತ್ತದೆ. ದಸರಾ, ದೀಪಾವಳಿಯ ರಿಯಾಯಿತಿಯೂ ಬರುತ್ತದೆ, ಬೆಳೆಯ ದುಡ್ಡೂ ಬರುತ್ತದೆ. ಸರ್ಕಾರಿ ಕಾಲೇಜಿನವರಾದರೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. 2021ರಲ್ಲಿ ಸರ್ಕಾರ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟಿತ್ತು, ಅದಕ್ಕೂ ಮುಂಚೆ ಲ್ಯಾಪ್‌ಟಾಪ್ ಯೋಜನೆಗಳಿದ್ದವು. ಇಂಥ ಯೋಜನೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕೇಳಿದವರಿಗೆ ಗೊತ್ತಾಗುತ್ತದೆ. ಎಂಜಿನಿಯರಿಂಗ್‌ಗೆ ಶಿಕ್ಷಣ ಸಾಲ ತೆಗೆಯುವವರು ಕೋರ್ಸಿಗೆ ಅಗತ್ಯವಾದ ಕಂಪ್ಯೂಟರ್ ಖರ್ಚನ್ನೂ ಅದರಲ್ಲೇ ಸೇರಿಸಬಹುದೇ ಎಂದು ಬ್ಯಾಂಕಿನಲ್ಲಿ ಕೇಳಬೇಕು.

ಇನ್ನು ಡಬ್ಬದ ಮೇಲಿನ ಅಂಕಿಗಳು. ಓದು, ಬರಹ, ಪಿಪಿಟಿ, ಆನ್‌ಲೈನ್ ತರಗತಿ, ಟ್ಯಾಲಿ, ಸಿ, ಪೈಥಾನ್ ಇಷ್ಟಕ್ಕೆ 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಸಾಕು. ರ‍್ಯಾಮ್ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿ. ಕೆಲವು ತೆಳು ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. ಆಟೊಕ್ಯಾಡ್, ಆಂಡ್ರಾಯ್ಡ್ ಸ್ಟುಡಿಯೊ, ವಿಡಿಯೊ ಎಡಿಟಿಂಗ್ ಮಾಡುವವರಿಗೆ 16 ಜಿಬಿ ಬೇಕು. ‘ಐ5’ ಎಂಬ ಹೆಸರಿಗೆ ಮಾರುಹೋಗಬೇಡಿ. ಹತ್ತು ವರ್ಷದ ಹಿಂದಿನ ಐ5ಗಿಂತ ಈಚಿನ ಐ3 ಚುರುಕು. 4 ಜಿಬಿ ರ‍್ಯಾಮ್‌ನ ಸೆಲೆರಾನ್ ಯಂತ್ರ ಅಗ್ಗವೆಂದು ತಂದರೆ ಮೂರು ವರ್ಷದ ಪದವಿ ಮುಗಿಯುವ ಮೊದಲೇ ತಾಳ್ಮೆ ಮುಗಿಯುತ್ತದೆ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ, ಹಾಗಾಗಿ ಬಿಕಾಂನವರು ಕ್ರೋಮ್‌ಬುಕ್ ಕೊಳ್ಳುವ ಮುನ್ನ ಯೋಚಿಸಲಿ.

ಯಂತ್ರ ಕೆಟ್ಟಾಗ ಎಲ್ಲಿಗೆ ಹೋಗುವುದು? ಬೆಂಗಳೂರಿನವರು ಅಷ್ಟಾಗಿ ಯೋಚಿಸದ ಈ ಪ್ರಶ್ನೆ ನಮಗೆ ದೊಡ್ಡದು. ಕಡೂರಿನಿಂದ ಚಿಕ್ಕಮಗಳೂರಿಗೆ, ತರೀಕೆರೆಯಿಂದ ಶಿವಮೊಗ್ಗಕ್ಕೆ ಸುಮಾರು 40 ಕಿ.ಮೀ. ಒಂದು ಸಲ ಕೊಟ್ಟು ಬರಲು, ಇನ್ನೊಂದು ಸಲ ತರಲು ಎರಡು ದಿನದ ತರಗತಿ ಹೋಗುತ್ತದೆ. ಆದ್ದರಿಂದ ‘ಆನ್‌ಸೈಟ್ ವಾರಂಟಿ’ ಇರುವ ಮಾದರಿ ಹುಡುಕಿ. ಅಂದರೆ ತಂತ್ರಜ್ಞರೇ ಮನೆಗೆ ಬರುತ್ತಾರೆ. ಆದರೆ ನಿಮ್ಮ ಊರಿನ ಪಿನ್‌ಕೋಡ್‌ಗೆ ಆ ಸೇವೆ ಇದೆಯೇ ಎಂದು ಕೊಳ್ಳುವ ಮೊದಲೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ.

ಕರೆಂಟಿನ ಕಥೆ ನಿಮಗೇ ಗೊತ್ತು. ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ಅದು ಬಂದಾಗ ಬಂತು, ಹೋದಾಗ ಹೋಯಿತು. ಬ್ಯಾಟರಿ 45 ವ್ಯಾಟ್-ಅವರ್‌ಗಿಂತ ಕಡಿಮೆ ಇರದಂತೆ ನೋಡಿ. ಉಳಿದ ಚಿಲ್ಲರೆಯಲ್ಲಿ ಚಂದದ ಬ್ಯಾಗಿಗಿಂತ ಮೊದಲು ಒಳ್ಳೆಯ ಸ್ಪೈಕ್ ಗಾರ್ಡ್ ಕೊಳ್ಳಿ. ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಹೊಸದಕ್ಕೆ ದುಡ್ಡು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದು ನಾಚಿಕೆಯ ವಿಷಯವಲ್ಲ. ಕಂಪನಿಗಳಲ್ಲಿ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಮಾದರಿಗಳು ಗಟ್ಟಿಮುಟ್ಟು, ಬಿಡಿಭಾಗವೂ ಸಿಗುತ್ತದೆ. ಆದರೆ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡದೆ ದುಡ್ಡು ಎಣಿಸುವವರು ಅಮೃತಮಹಲ್ ತಳಿಯ ಈ ನಾಡಿನಲ್ಲಿ ಯಾರಿದ್ದಾರೆ? ಹಾಗೆಯೇ ಇಲ್ಲೂ ಪರೀಕ್ಷೆ ಮಾಡಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಬ್ಯಾಟರಿಯ ಮೂಲ ಸಾಮರ್ಥ್ಯದಲ್ಲಿ ಈಗ ಎಷ್ಟು ಉಳಿದಿದೆ ನೋಡಿ. ಪ್ರತಿ ಕೀ ಒತ್ತಿ, ಕ್ಯಾಮೆರಾ, ವೈಫೈ, ಯುಎಸ್‌ಬಿ ಎಲ್ಲವನ್ನೂ ಪರೀಕ್ಷಿಸಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದು ಬೇಕು. ಅದಕ್ಕಿಂತ ಹಳೆಯದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಹೊಸದಾದರೆ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಬಿಲ್ಲಿನಲ್ಲಿ, ಡಬ್ಬದ ಮೇಲೆ, ಯಂತ್ರದ ತಳದಲ್ಲಿ ಸೀರಿಯಲ್ ನಂಬರ್ ಒಂದೇ ಇರಬೇಕು. ಆ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವತ್ತು ಶುರುವಾಗಿದೆ ಎಂದು ಅಂಗಡಿಯಲ್ಲೇ ನೋಡಿ. ಆಫೀಸ್ ತಂತ್ರಾಂಶ ಹಾಕಿಕೊಡುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳಿದರೆ ಉಚಿತವಾದ ಲಿಬ್ರೆಆಫೀಸ್ ಇದೆ ಎಂಬುದು ನೆನಪಿರಲಿ. ಕನ್ನಡಕ್ಕೆ ನುಡಿ ತಂತ್ರಾಂಶವೂ ಉಚಿತ. ಸರ್ಕಾರಿ ಕೆಲಸಕ್ಕೆ ಓದುವವರು ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಈಗಲೇ ಅಭ್ಯಾಸ ಮಾಡಿಕೊಂಡರೆ ಮುಂದೆ ಟೈಪಿಂಗ್‌ಗೆ ಬೇರೆ ದುಡ್ಡು ಸುರಿಯಬೇಕಿಲ್ಲ.

ಕೊನೆಗೆ ಮನೆಯೊಳಗಿನ ಒಂದು ಮಾತು. ಅಣ್ಣನಿಗೆ ಹೊಸ ಲ್ಯಾಪ್‌ಟಾಪ್, ತಂಗಿಗೆ ಅವನು ಬಿಟ್ಟ ಹಳೆಯದು ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಕೋರ್ಸಿಗೆ ಏನು ಬೇಕು ಎಂಬುದರ ಮೇಲೆ ತೀರ್ಮಾನವಾಗಲಿ. ಒಂದೇ ಕೊಳ್ಳಲು ಶಕ್ತಿಯಿದ್ದರೆ ಒಂದನ್ನೇ ಕೊಂಡು ಇಬ್ಬರಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಪಾಸ್‌ವರ್ಡ್ ಮಾಡಿ. ಯಾರಿಗೆ ಯಾವ ಹೊತ್ತು ಎಂದು ಗೋಡೆಯ ಮೇಲೆ ಬರೆದು ಅಂಟಿಸಿ. ನಾಳೆ ಕೆಲಸಕ್ಕೆ ಅರ್ಜಿ ಹಾಕುವಾಗ ಆ ಯಂತ್ರ ಇಬ್ಬರಿಗೂ ಬೇಕಾಗುತ್ತದೆ.