ಗೂಬೆ ಮೇಷ್ಟರ ಒಂದೇ ದಾರಿ

ಶಾಲೆಗೆ ಹೊರಟ ಹುಡುಗನೊಬ್ಬ ಬೆಳಿಗ್ಗೆ ಚೀಲ ತೆರೆದು ನೋಡುತ್ತಾನೆ. ಪಠ್ಯಪುಸ್ತಕದಲ್ಲಿ ಪರಿವಿಡಿ ಇಲ್ಲ. ಪಾಠಗಳ ಕ್ರಮ ಬದಲಾಗಿದೆ. ತಾನು ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದ ಪುಟ ಎಲ್ಲಿ ಹೋಯಿತೋ ತಿಳಿಯದು. ಅಂಗಡಿಯವನನ್ನು ಕೇಳಿದರೆ, 'ಇನ್ನು ಮೇಲೆ ಪುಸ್ತಕ ಹೀಗೇ ಇರುತ್ತದೆ, ನಿನಗೂ ಇದೇ ಒಳ್ಳೆಯದು' ಎಂಬ ಉತ್ತರ. ಕಾಗದದ ಪುಸ್ತಕದ ವಿಷಯದಲ್ಲಿ ಇದು ಬರೀ ಕಲ್ಪನೆ. ಮೊಬೈಲಿನಲ್ಲಿ ಭಾಷೆ ಕಲಿಯುವ ಲಕ್ಷಾಂತರ ಜನರಿಗೆ ಮಾತ್ರ 2022ರಲ್ಲಿ ನಿಜವಾಗಿಯೂ ಆದ ಅನುಭವ.

ಆ ಪುಸ್ತಕದ ಹೆಸರು ಡುಯೊಲಿಂಗೊ. ಹಸಿರು ಗೂಬೆಯೊಂದು ಅದರ ಗುರುತು. ಗೂಬೆ ಮನೆಗೆ ಬಂದರೆ ಅಪಶಕುನವೆಂದು ಹೇಳುವ ಅಜ್ಜಿಯರ ಮನೆಗಳಲ್ಲೂ ಈಗ ಮೊಮ್ಮಕ್ಕಳ ಫೋನಿನೊಳಗೆ ಅದು ದಿನಕ್ಕೊಮ್ಮೆ ಬಂದು ಪಾಠ ಕೇಳುತ್ತದೆ. ಜರ್ಮನಿಗೆ ಓದಲು ಹೋಗಬೇಕೆಂಬ ಎಂಜಿನಿಯರಿಂಗ್ ವಿದ್ಯಾರ್ಥಿ, ಜಪಾನಿ ಕಾರ್ಟೂನು ನೋಡಿ ಆ ಭಾಷೆಗೆ ಮನಸೋತ ಹೈಸ್ಕೂಲು ಹುಡುಗಿ, ರಜೆಯಲ್ಲಿ ಮಕ್ಕಳು ಏನಾದರೂ ಕಲಿಯಲೆಂದು ಬಯಸುವ ತಾಯ್ತಂದೆಯರು, ಎಲ್ಲರಿಗೂ ಅದು ಪರಿಚಿತ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಲೂಯಿಸ್ ವಾನ್ ಆನ್ ಮತ್ತು ಅವರ ವಿದ್ಯಾರ್ಥಿ ಸೆವರಿನ್ ಹ್ಯಾಕರ್ ಕಟ್ಟಿದ ಈ ಸಂಸ್ಥೆ 2012ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ವಾನ್ ಆನ್ ಹುಟ್ಟಿದ್ದು ಗ್ವಾಟೆಮಾಲದಲ್ಲಿ. ಹಣವಿಲ್ಲದವರಿಗೂ ಭಾಷಾಶಿಕ್ಷಣ ಸಿಗಬೇಕೆಂಬುದು ಅವರು ಮತ್ತೆ ಮತ್ತೆ ಹೇಳುತ್ತ ಬಂದ ಮಾತು.

ಮರ ಹೋಗಿ ದಾರಿ ಬಂತು

ಹಳೆಯ ಡುಯೊಲಿಂಗೊದ ಪಾಠಗಳು ಮರದ ಕೊಂಬೆಗಳಂತೆ ಜೋಡಣೆಯಾಗಿದ್ದವು. ಒಂದು ಸಾಲಿನಲ್ಲಿ ಎರಡೋ ಮೂರೋ ವಿಷಯ: ಆಹಾರ, ಪ್ರಾಣಿಗಳು, ಭೂತಕಾಲ. ಮೊದಲು ಯಾವುದನ್ನು ಎತ್ತಿಕೊಳ್ಳಬೇಕೆಂಬುದು ಕಲಿಯುವವನಿಗೆ ಬಿಟ್ಟದ್ದು. ಕಲಿತು ಮುಗಿಸಿದ ಪಾಠ ಚಿನ್ನದ ಬಣ್ಣಕ್ಕೆ ತಿರುಗುತ್ತಿತ್ತು. ದಿನ ಕಳೆದಂತೆ ಆ ಬಣ್ಣ ಮಾಸುತ್ತ, 'ಇದನ್ನು ಮರೆಯುತ್ತಿದ್ದೀಯೆ, ಮತ್ತೆ ನೋಡು' ಎಂದು ಎಚ್ಚರಿಸುತ್ತಿತ್ತು. 2018ರಲ್ಲಿ ಮಾಸುವ ಚಿನ್ನ ಹೋಗಿ ಕಿರೀಟಗಳು ಬಂದವು. 2022ರ ದ್ವಿತೀಯಾರ್ಧದಲ್ಲಿ ಮರವೇ ಹೋಯಿತು. ಅದರ ಜಾಗದಲ್ಲಿ ಬಂದದ್ದು ಒಂದೇ ಒಂದು ಅಂಕುಡೊಂಕು ದಾರಿ. ಒಂದರ ಕೆಳಗೊಂದು ವೃತ್ತಗಳು. ಇದು ಮುಗಿಯದೆ ಅದು ಇಲ್ಲ.

ಎಲ್ಲರಿಗೂ ಬದಲಾವಣೆ ಒಂದೇ ದಿನ ಬರಲಿಲ್ಲ ಎಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿತು. ಒಂದು ಗುಂಪಿಗೆ ಹಳೆಯದು, ಇನ್ನೊಂದು ಗುಂಪಿಗೆ ಹೊಸದು ತೋರಿಸಿ, ಯಾವುದು ಹೆಚ್ಚು ಜನರನ್ನು ಹಿಡಿದಿಡುತ್ತದೆಂದು ಅಳೆಯುವುದು ಈ ಸಂಸ್ಥೆಯ ನಿತ್ಯದ ಪದ್ಧತಿ. ಹೀಗಾಗಿ ಅಕ್ಕನ ಫೋನಿನಲ್ಲಿ ಮರ, ತಮ್ಮನ ಫೋನಿನಲ್ಲಿ ದಾರಿ ಇದ್ದರೂ ಆಶ್ಚರ್ಯವಿರಲಿಲ್ಲ. ಹಳೆಯ ರೂಪಕ್ಕೆ ಮರಳುವ ಗುಂಡಿಯನ್ನು ಬಳಕೆದಾರರು ಸೆಟ್ಟಿಂಗ್ಸಿನಲ್ಲಿ ಹುಡುಕಿದರು. ಇರಲಿಲ್ಲ. ಇಷ್ಟವಿದ್ದವರಿಗಾದರೂ ಕೊಡಿ ಎಂದು ಕೇಳಿದರು. ಸಂಸ್ಥೆ ಕೊಡಲಿಲ್ಲ. ವರ್ಷಗಟ್ಟಲೆ ಒಂದು ದಿನವೂ ತಪ್ಪದೆ ಪಾಠ ಮಾಡುತ್ತಿದ್ದ ಕೆಲವರು ಅಲ್ಲಿಗೇ ಕೈಬಿಟ್ಟರು.

ಇಷ್ಟಕ್ಕೆಲ್ಲ ಇಷ್ಟೊಂದು ಸಿಟ್ಟೇ ಎಂದು ಹೊರಗಿನವರಿಗೆ ಅನ್ನಿಸಬಹುದು. ಬಣ್ಣ, ಆಕಾರ, ಗುಂಡಿಯ ಜಾಗ ಬದಲಾದರೆ ಬೈದುಕೊಂಡು ನಾಲ್ಕು ದಿನಕ್ಕೆ ಒಗ್ಗಿಕೊಳ್ಳುವುದು ಜನರ ಸ್ವಭಾವ. ಆದರೆ ಭಾಷೆ ಕಲಿಸುವ ತಂತ್ರಾಂಶದಲ್ಲಿ ಕೆಲವು ಗುಂಡಿಗಳು ಬರೀ ಅಲಂಕಾರವಲ್ಲ. ಅವು ಪಾಠದ ಭಾಗವೇ.

ಆರಿಸುವುದು ಬೇರೆ, ನೆನಪಿಸಿಕೊಳ್ಳುವುದು ಬೇರೆ

ಒಂದು ಉದಾಹರಣೆ ನೋಡಿ. 'ನಾನು ನೀರು ಕುಡಿಯುತ್ತೇನೆ' ಎಂಬರ್ಥದ ವಾಕ್ಯವನ್ನು ಜರ್ಮನ್ ಭಾಷೆಗೆ ತಿರುಗಿಸಬೇಕು. ಪರದೆಯ ಕೆಳಗೆ ಐದು ಬಿಲ್ಲೆಗಳಿವೆ: ಇಷ್, ವಾಸರ್, ಟ್ರಿಂಕೆ, ಬ್ರೋಟ್, ಉಂಟ್. 'ಬ್ರೋಟ್' ಎಂದರೆ ರೊಟ್ಟಿ, 'ಉಂಟ್' ಎಂದರೆ 'ಮತ್ತು' ಎಂದು ಗೊತ್ತಿದ್ದರೆ ಸಾಕು, ಅವೆರಡನ್ನು ಬಿಟ್ಟು ಉಳಿದ ಮೂರನ್ನು ಒತ್ತಿದರೆ ಉತ್ತರ ಸರಿ. 'ಇಷ್ ಟ್ರಿಂಕೆ ವಾಸರ್'. ಗಂಟೆ ಬಾರಿಸುತ್ತದೆ, ಅಂಕ ಬರುತ್ತದೆ, ಗೂಬೆ ಕುಣಿಯುತ್ತದೆ. ಕುಡಿಯುವುದಕ್ಕೆ ಜರ್ಮನ್ನಿನಲ್ಲಿ ಏನೆನ್ನುತ್ತಾರೆಂದು ಆ ಕ್ಷಣಕ್ಕೂ ನೆನಪಾಗಿರಬೇಕಿಲ್ಲ. ಕರ್ತೃ 'ನಾನು' ಆದಾಗ 'ಟ್ರಿಂಕೆ', 'ಅವನು' ಆದಾಗ 'ಟ್ರಿಂಕ್ಟ್' ಎಂಬ ವ್ಯತ್ಯಾಸವನ್ನು ಬಿಲ್ಲೆಯೇ ನುಂಗಿಹಾಕುತ್ತದೆ.

ಅದೇ ವಾಕ್ಯವನ್ನು ಬಿಲ್ಲೆಗಳಿಲ್ಲದೆ ಕೀಲಿಮಣೆಯಲ್ಲಿ ಬರೆಯಬೇಕಾಗಿ ಬಂದರೆ ಪರಿಸ್ಥಿತಿ ಬೇರೆ. ಪದ ತಲೆಯೊಳಗಿಂದ ಬರಬೇಕು, ಅಕ್ಷರ ತಪ್ಪಬಾರದು, ಪ್ರತ್ಯಯ ಸರಿಯಿರಬೇಕು. ಬಿಲ್ಲೆಯಿಂದ ಕೀಲಿಮಣೆಗೆ ಬದಲಿಸಿಕೊಳ್ಳುವ ಸಣ್ಣ ಗುಂಡಿಗೆ ಗಂಭೀರವಾಗಿ ಕಲಿಯುವವರು ಅಷ್ಟು ಬೆಲೆ ಕೊಡುವುದು ಇದಕ್ಕೇ. ಅದು ಕಾಣೆಯಾದರೆ ಅವರಿಗೆ ಸಿಟ್ಟು ಬರುವುದರಲ್ಲಿ ತಪ್ಪಿಲ್ಲ.

ಇದಕ್ಕೆ ಪ್ರಯೋಗದ ಆಧಾರವೂ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಕೆಲವು ಗದ್ಯಭಾಗಗಳನ್ನು ಎರಡೆರಡು ಸಲ ಓದಿದರು. ಇನ್ನು ಕೆಲವನ್ನು ಒಮ್ಮೆ ಓದಿ, ಬಳಿಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಗೆದ್ದಿತು: ನೆನಪಿನಲ್ಲಿದ್ದದ್ದು ಶೇ. 81, ಬರೆದು ನೋಡಿದ್ದರಲ್ಲಿ ಶೇ. 75. ವಾರದ ನಂತರ ಲೆಕ್ಕ ತಲೆಕೆಳಗಾಯಿತು. ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇ. 42, ಬರೆದು ನೋಡಿದ್ದರಲ್ಲಿ ಶೇ. 56. ಕಷ್ಟಪಟ್ಟು ನೆನಪಿಸಿಕೊಂಡದ್ದು ಆ ಗಳಿಗೆಯಲ್ಲಿ ಸೋಲಿನಂತೆ ಕಂಡರೂ ಗಟ್ಟಿಯಾಗಿ ನಿಲ್ಲುತ್ತದೆ. ರಾಬರ್ಟ್ ಬ್ಯೋರ್ಕ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲೇ ಇಂಥದ್ದಕ್ಕೆ 'ಅಪೇಕ್ಷಣೀಯ ಕಷ್ಟ' ಎಂಬರ್ಥದ ಹೆಸರು ಕೊಟ್ಟಿದ್ದರು.

ಲಿಪಿಯ ವಿಷಯವೂ ಹೀಗೆಯೇ. ಜಪಾನಿ ಅಕ್ಷರಗಳ ನೆತ್ತಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಬರೆದಿದ್ದರೆ ಕಣ್ಣು ಅಲ್ಲಿಗೇ ಓಡುತ್ತದೆ. ಮೊದಲ ವಾರ ಅದು ಊರುಗೋಲು. ಮೂರು ತಿಂಗಳ ನಂತರವೂ ಇದ್ದರೆ ಅದೇ ಅಡ್ಡಿ. ಕನ್ನಡ ಸಂದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದು ರೂಢಿಯಾದ ಮಕ್ಕಳು ಒತ್ತಕ್ಷರ ಬಂದಲ್ಲಿ ತಡವರಿಸುವುದನ್ನು ಕಂಡ ತಾಯ್ತಂದೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಊರುಗೋಲನ್ನು ಯಾವಾಗ ಬಿಸಾಡಬೇಕೆಂಬುದು ಒಬ್ಬೊಬ್ಬರಿಗೆ ಒಂದೊಂದು ದಿನ. ಅದನ್ನು ತೋರಿಸುವ, ಮುಚ್ಚುವ ಆಯ್ಕೆ ಕಲಿಯುವವರ ಕೈಯಲ್ಲೇ ಇರಬೇಕಾದದ್ದು ಈ ಕಾರಣಕ್ಕೆ.

ಕಂಪನಿಯ ಲೆಕ್ಕ

ಹಾಗೆಂದು ಎಲ್ಲಕ್ಕೂ ಗೂಬೆಯ ಮೇಲೆಯೇ ಗೂಬೆ ಕೂರಿಸುವುದು ನ್ಯಾಯವಲ್ಲ. ಬೇಕು ಅಥವಾ ಬೇಡ ಎಂಬ ಹತ್ತು ಆಯ್ಕೆಗಳನ್ನು ಕೊಟ್ಟರೆ ತಂತ್ರಾಂಶಕ್ಕೆ 1,024 ರೂಪಗಳಾಗುತ್ತವೆ. ಎಲ್ಲ ರೂಪದಲ್ಲೂ ಅದು ಕೆಡದೆ ನಡೆಯುವಂತೆ ನೋಡಿಕೊಳ್ಳಬೇಕು. ಮರದಲ್ಲಿ ದಾರಿ ತಪ್ಪುವವರೂ ಇದ್ದರು: ಒಂದೇ ಪಾಠವನ್ನು ಕೊನೆಯ ಕಿರೀಟದವರೆಗೆ ಉಜ್ಜಿ ಬೇಸತ್ತವರು, ಎಲ್ಲವನ್ನೂ ಮೇಲೆ ಮೇಲೆ ಮುಟ್ಟಿ ಮುಂದೆ ಓಡಿದವರು. ಪುನರಾವರ್ತನೆಯನ್ನು ದಾರಿಯೊಳಗೇ ಹೆಣೆದರೆ ಹೊಸಬರಿಗೆ ಅನುಕೂಲ ಎಂಬ ಸಂಸ್ಥೆಯ ವಾದದಲ್ಲಿ ಹುರುಳಿದೆ. ಮೇಷ್ಟರು ಹಾಕಿಕೊಟ್ಟ ಕ್ರಮ ಬೇಕೆನ್ನುವ ವಿದ್ಯಾರ್ಥಿಗಳು ಯಾವ ತರಗತಿಯಲ್ಲೂ ಇರುತ್ತಾರೆ.

ತಕರಾರು ಇರುವುದು ಬೇರೆಡೆ. ತರಗತಿಯಲ್ಲಿ ಕೈಯೆತ್ತಿ, 'ಸಾರ್, ಅದು ಅರ್ಥವಾಗಿಲ್ಲ, ಇನ್ನೊಮ್ಮೆ ಹೇಳಿ' ಎನ್ನಬಹುದು. ಡುಯೊಲಿಂಗೊದಲ್ಲಿ ಒಂದು ಕಾಲಕ್ಕೆ ಆ ಸೌಲಭ್ಯವೂ ಇತ್ತು. ಒಂದೊಂದು ವಾಕ್ಯದ ಕೆಳಗೂ ಕಲಿಯುವವರ ಚರ್ಚೆ ನಡೆಯುತ್ತಿತ್ತು. ಜರ್ಮನ್ನಿನಲ್ಲಿ ಹುಡುಗಿ ನಪುಂಸಕಲಿಂಗ, 'ಡಾಸ್ ಮೇಡ್‌ಶೆನ್'. ಇದೆಂಥ ಅನ್ಯಾಯ ಎಂದು ಒಬ್ಬರು ಕೇಳಿದರೆ, ಕಿರಿದನ್ನು ಸೂಚಿಸುವ ಆ ಪ್ರತ್ಯಯ ಬಂದ ಪದಗಳೆಲ್ಲ ನಪುಂಸಕವೇ ಎಂದು ಭಾಷೆ ಬಲ್ಲ ಇನ್ನೊಬ್ಬರು ಬಿಡಿಸಿ ಹೇಳಬಹುದಿತ್ತು. ಕನ್ನಡದವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಇಲ್ಲಿಯೂ ಮಗು 'ಅಳುತ್ತದೆ', 'ಅಳುತ್ತಾಳೆ' ಅಲ್ಲ. ಸಾರ್ವಜನಿಕ ಚರ್ಚಾವೇದಿಕೆ 2022ರ ಮಾರ್ಚಿನಲ್ಲಿ ಮುಚ್ಚಿತು. ದಾರಿ ಬಂದದ್ದು ಅದೇ ವರ್ಷ. ಆಯ್ಕೆಯೂ ಹೋಯಿತು, ಆಯ್ಕೆ ಹೋಯಿತೆಂದು ಅಲ್ಲೇ ಕೂಗಿಕೊಳ್ಳುವ ಕಟ್ಟೆಯೂ ಹೋಯಿತು.

ಇನ್ನೊಂದು ಸಂಗತಿ ಪೋಷಕರಿಗೆ ತಿಳಿದಿರಬೇಕು. ಇಂಥ ತಂತ್ರಾಂಶ ಅಳೆಯುವುದು ಮಗು ಎಷ್ಟು ದಿನ ಬಿಡದೆ ಬಂದಿತು, ಎಷ್ಟು ಅಂಕ ಗಳಿಸಿತು ಎಂಬುದನ್ನು. 'ಅಮ್ಮಾ, ನಂದು ಮುನ್ನೂರು ದಿನ ಆಯ್ತು' ಎಂದು ಮಗ ಫೋನು ಮುಂದೆ ಹಿಡಿದಾಗ ಸಂತೋಷಪಡುವುದು ಸಹಜ. ಆದರೆ ಮುನ್ನೂರು ದಿನವೂ ಬಿಲ್ಲೆ ಒತ್ತಿಯೇ ಕಳೆದಿರಬಹುದು. ಮ್ಯಾಕ್ಸ್ ಮುಲ್ಲರ್ ಭವನವೆಂದು ಇಲ್ಲಿ ಹೆಸರಾದ ಗಯಟೆ ಸಂಸ್ಥೆಯ ಜರ್ಮನ್ ಪರೀಕ್ಷೆಯ ಮೊದಲ ಹಂತದಲ್ಲೇ ಓದು, ಆಲಿಸುವಿಕೆಗಳ ಜೊತೆಗೆ ಮಾತು, ಬರವಣಿಗೆಗಳೂ ಇವೆ. ಸುಮಾರು 30 ಪದಗಳ ಪುಟ್ಟ ಪತ್ರವೊಂದನ್ನು ಅಭ್ಯರ್ಥಿ ಖಾಲಿ ಹಾಳೆಯ ಮೇಲೆ ಬರೆಯಬೇಕು. ಅಲ್ಲಿ ಬಿಲ್ಲೆಗಳನ್ನು ಯಾರೂ ಹರಡಿಡುವುದಿಲ್ಲ.

ಗುಂಡಿ ಹೋದರೂ ಹಟ ಬಿಡದವರು ಒಂದು ಉಪಾಯ ಮಾಡುವುದುಂಟು. ಪ್ರಶ್ನೆಯ ವಾಕ್ಯ ಕಂಡ ಕೂಡಲೇ ಪರದೆಯ ಕೆಳಭಾಗಕ್ಕೆ ಅಂಗೈ ಅಡ್ಡ ಹಿಡಿಯುವುದು. ಉತ್ತರವನ್ನು ಮೊದಲು ನೋಟುಬುಕ್ಕಿನಲ್ಲಿ ಬರೆದು, ಗಟ್ಟಿಯಾಗಿ ಒಮ್ಮೆ ಹೇಳಿ, ಆಮೇಲೆ ಕೈ ತೆಗೆದು ಬಿಲ್ಲೆ ಒತ್ತುವುದು. ತಪ್ಪಿದ ಪದಗಳನ್ನು ಹಿಂದಿನ ಪುಟದಲ್ಲಿ ಪಟ್ಟಿ ಮಾಡಿಟ್ಟು, ಮರುದಿನ ಫೋನು ತೆರೆಯುವ ಮುನ್ನ ಅವನ್ನು ನೋಡದೆ ಬರೆಯುವುದು. ಮೊದಲಿಗೆ ಇದು ರೇಜಿಗೆಯ ಕೆಲಸ. ಐದು ನಿಮಿಷದ ಪಾಠಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಅಂಕ ಕಡಿಮೆಯಾಗಿ ವಾರದ ಸ್ಪರ್ಧೆಯಲ್ಲಿ ಸ್ಥಾನ ಜಾರುತ್ತದೆ, ಗೂಬೆ ಮುಖ ಸಣ್ಣ ಮಾಡುತ್ತದೆ, ಮಗನೂ ಗೊಣಗಬಹುದು. ಆ ವಾರ 'ಯಾಕೋ ಹಿಂದೆ ಬಿದ್ದೆ?' ಎಂದು ಮನೆಯಲ್ಲಿ ಕೇಳುವ ಮುನ್ನ ನೋಟುಬುಕ್ಕನ್ನೊಮ್ಮೆ ತೆರೆದು ನೋಡಬೇಕು.